ಹೆಲ್ಮೆಟ್ಟಿನ ಮೇಲಿನ ನೀಲಿ ಗೀರು

ಇವತ್ತು ಸಂಜೆ ಶಾಲೆಯಿಂದ ಬಂದವನು ಹೆಲ್ಮೆಟ್ಟನ್ನು ಬಾಗಿಲ ಹಿಂದಿನ ಮೊಳೆಗೆ ತಗುಲಿಹಾಕಿದೆ. ದೀಪ ಹಚ್ಚಲು ಬಂದ ನನ್ನ ಹೆಂಡತಿ ಅಲ್ಲೇ ನಿಂತು ಮೂಗರಳಿಸಿ, "ಇದೇನ್ರೀ, ಗುಲಾಬಿ ವಾಸ್ನೆ?" ಎಂದಳು. ಕೊಬ್ಬರಿ ಎಣ್ಣೆ ಮತ್ತು ಬೆವರು ಬಿಟ್ಟರೆ ಬೇರೇನೂ ನಾರದ ವಸ್ತು ಅದು. "ಹೂವಿನ ಗಾಡಿ ಸಿಕ್ಕಿತ್ತು" ಎಂದೆ. ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಅವಳು ಒಂದು ನೋಟ ನೋಡಿ ಒಳಗೆ ಹೋದಳು. ಆ ನೋಟವನ್ನು ಈ ಮನೆಗೆ ತಂದವನೇ ನಾನಾದ್ದರಿಂದ ದೂರುವ ಹಾಗಿಲ್ಲ.

ನಿಮ್ಮೊಡನೆ ಮುಚ್ಚುಮರೆ ಯಾಕೆ? ನಾನು ಅನುಮಾನದ ಮನುಷ್ಯ. ಇಪ್ಪತ್ತು ವರ್ಷ ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟರಾಗಿ, ಪರೀಕ್ಷೆಯ ಕೋಣೆಯಲ್ಲಿ ಮಕ್ಕಳ ತೋಳಿನ ಮಡಿಕೆ, ಜಾಮಿಟ್ರಿ ಬಾಕ್ಸಿನ ತಳ ನೋಡಿ ನೋಡಿ ಕಣ್ಣಿಗೆ ಆ ಚಾಳಿ ಹತ್ತಿತು ಎಂದು ಹೇಳಿಕೊಳ್ಳುತ್ತೇನೆ. ನನ್ನ ಹೆಂಡತಿ ಒಪ್ಪುವುದಿಲ್ಲ. ಹೆಣ್ಣು ನೋಡಲು ಹೋದ ದಿನವೇ ನಾನು ಉಪ್ಪಿಟ್ಟಿನೊಳಗೆ ಬೆರಳಾಡಿಸಿ ಏನನ್ನೋ ಹುಡುಕಿದ್ದೆನಂತೆ. "ಅನುಮಾನಂ ಪೆದ್ದ ರೋಗಂ ಅಂತಾರೆ. ನಿಮ್ಗೆ ಅದು ಹುಟ್ಟಾ ಬಂದದೆ" ಎನ್ನುತ್ತಾಳೆ.

ಹೆಲ್ಮೆಟ್ಟಿನ ಮೇಲೂ ನನಗೆ ಅನುಮಾನವೇ ಇತ್ತು. ಕೂದಲು ಉದುರುತ್ತದೆ, ಹಿಂದಿನ ಹಾರನ್ನು ಕೇಳಿಸುವುದಿಲ್ಲ, ಕುತ್ತಿಗೆ ಉಳುಕುತ್ತದೆ. ರಸ್ತೆ ಸುರಕ್ಷತಾ ಸಪ್ತಾಹದಲ್ಲಿ ಮಕ್ಕಳ ಮುಂದೆ ನಿಂತು "ತಲೆ ಇದ್ದರೆ ತಾನೆ ತಲೆಗೂದಲು!" ಎಂದು ಭಾಷಣ ಮಾಡುತ್ತಿದ್ದವನೂ ನಾನೇ ಅನ್ನಿ. ನಮ್ಮ ಕಡೆ ಹೆಲ್ಮೆಟ್ ಹಾಕುವುದಕ್ಕೊಂದು ಪದ್ಧತಿಯಿದೆ. ದೇವನಹಳ್ಳಿ ಬೈಪಾಸಿನಲ್ಲಿ ಪೊಲೀಸರು ನಿಲ್ಲುವ ಜಾಗ ದಾಟುವವರೆಗೆ ಅದು ತಲೆಯ ಮೇಲಿರಬೇಕು. ದಾಟಿದ ಮೇಲೆ ಬಿಚ್ಚಿ, ಪಟ್ಟಿಯನ್ನು ಹ್ಯಾಂಡಲ್ಲಿಗೆ ಸಿಕ್ಕಿಸಿದರೆ ಆಯಿತು, ತೂಗಾಡಿಕೊಂಡು ಜೊತೆಗೆ ಬರುತ್ತದೆ. ಎಷ್ಟೋ ವರ್ಷ ನಾನು ಹಾಗೆಯೇ ಆವತಿಯ ಶಾಲೆಗೆ ಹೋಗಿಬಂದೆ.

ಮೂರು ವರ್ಷದ ಹಿಂದೆ ಒಂದು ಬೆಳಗ್ಗೆ, ಹೈವೇ ಬಿಟ್ಟು ಆವತಿಯ ಕಡೆ ಹೊರಳುವ ತಿರುವಿನಲ್ಲಿ ಬಿದ್ದೆ. ನೆನಪಿದ್ದದ್ದು ಇಷ್ಟೇ: ಹಿಂದೆ ಒಂದು ಹಾರನ್ನು, ಕನ್ನಡಿಯಲ್ಲಿ ಒಂದು ನೀಲಿ ಬಣ್ಣ. ಆಮೇಲೆ ಸ್ಪಿರಿಟ್ಟಿನ ವಾಸನೆ, ನೆತ್ತಿಯ ಮೇಲೆ ಏಳು ಹೊಲಿಗೆ, ಮುರಿದ ಎಡಹೆಗಲಿಗೆ ಬಿಗಿದ ಪಟ್ಟಿ. ಮಂಚದ ಕಾಲ ಬಳಿ ರಕ್ತದ ಕಲೆಯ ಶರ್ಟಿನಲ್ಲಿ ಒಬ್ಬ ಅಪರಿಚಿತ ನಿಂತಿದ್ದ. ಹೆಸರು ಪಿಳ್ಳಪ್ಪ. ತನ್ನ ನೀಲಿ ಗೂಡ್ಸ್ ಗಾಡಿಯಲ್ಲಿ ಗುಲಾಬಿ ಮೂಟೆಗಳನ್ನು ಚಿಕ್ಕಬಳ್ಳಾಪುರದ ಹೂವಿನ ಮಂಡಿಗೆ ಒಯ್ಯುವವನು. ಆ ಮೂಟೆಗಳ ಮೇಲೆಯೇ ನನ್ನನ್ನು ಮಲಗಿಸಿಕೊಂಡು ಆಸ್ಪತ್ರೆಗೆ ತಂದಿದ್ದ. ನನ್ನ ಫೋನು, ಹೆಲ್ಮೆಟ್ಟು, ಊಟದ ಡಬ್ಬಿ ಎಲ್ಲವನ್ನೂ ನನ್ನ ಹೆಂಡತಿಯ ಕೈಗೆ ಕೊಟ್ಟು, "ಬರ್ತೀನಮ್ಮ, ಹೂವ ಬಾಡೋಯ್ತದೆ" ಎಂದು ಹೊರಟ.

ಅವನು ಹೋದದ್ದೇ ತಡ, ನನ್ನ ಬಾಮೈದ ಕೇಶವ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡ. "ಭಾವ, ಈ ಕಾಲ್ದಲ್ಲಿ ಯಾರು ಸುಮ್‌ಸುಮ್ನೆ ಎತ್ಕೊಂಡ್ ಬರ್ತಾರೆ? ಗುದ್ದಿಲ್ಲ ಅಂದ್ರೆ ಅವ್ನಿಗ್ಯಾಕೆ ಬೇಕಾಗಿತ್ತು?"

ನನ್ನ ಮನಸ್ಸು ಅವನಿಗಿಂತ ಮೊದಲೇ ಅಲ್ಲಿಗೆ ಹೋಗಿ ಕೂತಿತ್ತು. ಹೆಲ್ಮೆಟ್ಟನ್ನು ಈಸಿಕೊಂಡು ನೋಡಿದೆ. ಅದರ ಪಕ್ಕೆಯಲ್ಲಿ ಬೆರಳುದ್ದದ ಒಂದು ನೀಲಿ ಗೀರು. ಲೆಕ್ಕ ಸರಿಹೋಯಿತು! ಹೇಳಿಕೆ ಬರೆದುಕೊಳ್ಳಲು ಬಂದ ಪೇದೆಗೆ, ನೀಲಿ ಗೂಡ್ಸ್ ಗಾಡಿ ಹಿಂದಿನಿಂದ ಗುದ್ದಿತು ಎಂದು ಸ್ಪಷ್ಟವಾಗಿ ಹೇಳಿದೆ. ಮುರಿದದ್ದು ಎಡಹೆಗಲು, ಬಲಗೈ ನೆಟ್ಟಗಿತ್ತು. ಸಹಿ ಚೆನ್ನಾಗಿಯೇ ಬಂತು.

ಪಿಳ್ಳಪ್ಪನ ಗಾಡಿ ಠಾಣೆಯ ಕಾಂಪೌಂಡು ಸೇರಿತು. ಒಂದು ವಾರದ ಮೇಲೆ ಅವನು ಎರಡು ಚಕೋತ ಹಣ್ಣು ಹಿಡಿದುಕೊಂಡು ನಮ್ಮ ಮನೆಗೆ ಬಂದ. "ಸಾ, ನಾನ್ ಗುದ್ದಿಲ್ಲ ಸಾ. ನೀವ್ ತಿರುಗ್ಸೋಕ್ ಹೋದ್ರಿ, ಬೈಕು ತಿರುಗ್ಲೇ ಇಲ್ಲ, ಸೀದಾ ಮೋರಿಗ್ ಹೋಯ್ತು. ಒಸಿ ನೆಪ್ಪ್ ಮಾಡ್ಕೊಳಿ. ಗಾಡಿ ಇಲ್ದೆ ಮನೇಲ್ ಕುಂತಿದೀನಿ" ಎಂದ.

ತಿರುಗಿಸಿದರೆ ತಿರುಗದ ಬೈಕು ಎಲ್ಲಾದರೂ ಇದೆಯೇ? ಅವನು ಅತ್ತ ಹೋದ ಕೂಡಲೇ ಕೇಶವ, "ಕುಂಬಳಕಾಯಿ ಕಳ್ಳ ಅಂದ್ರೆ ಹೆಗ್ಲು ಮುಟ್ ನೋಡ್ಕೊಂಡ್ನಂತೆ" ಎಂದು ನಕ್ಕ. ನಾನೂ ನಕ್ಕೆ. ಪಟ್ಟಿ ಕಟ್ಟಿದ ಹೆಗಲು ಯಾರದೆಂಬುದು ಇಬ್ಬರಿಗೂ ಹೊಳೆಯಲಿಲ್ಲ. ಚಕೋತವನ್ನು ನಾನು ಮುಟ್ಟಲಿಲ್ಲ. ತೊಟ್ಟಿನ ಹತ್ತಿರ ಒಂದು ಸಣ್ಣ ತೂತಿತ್ತು, ಸೂಜಿಯದಿರಬಹುದೇ ಎಂಬ ಯೋಚನೆಯೂ ಬಂತು. ನಗಬೇಡಿ. "ಹುಳ ಕೊರ್ದಿರೋದು ಕಣ್ರೀ" ಎಂದು ನನ್ನ ಹೆಂಡತಿ ಎರಡನ್ನೂ ಸುಲಿದು, ಉಪ್ಪು ಖಾರ ಹಚ್ಚಿಕೊಂಡು, ನನ್ನೆದುರಿಗೇ ಕೂತು ತಿಂದಳು. ಅವಳಿಗೇನೂ ಆಗಲಿಲ್ಲ.

ಎರಡು ತಿಂಗಳ ಮೇಲೆ ಬೈಕು ತರಲು ಮೆಕ್ಯಾನಿಕ್ ಫಯಾಜನ ಅಂಗಡಿಗೆ ಹೋದೆ. "ಮೇಷ್ಟ್ರೇ, ಹಿಂದ್ಗಡೆಯಿಂದ ಗುದ್ದಿದ್ರೆ ಹಿಂದ್ಗಡೆ ಲೈಟಾದ್ರೂ ಒಡೀಬೇಕಲ್ಲ? ಮುಂದಿನ್ ಚಕ್ರ ಮಾತ್ರ ಸೊಟ್ಟ ಆಗಿತ್ತು" ಎಂದ. ನಾನು ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನ ಮಾಡಿದ್ದ ಹೆಲ್ಮೆಟ್ಟನ್ನು ತೆಗೆದು ನೀಲಿ ಗೀರು ತೋರಿಸಿದೆ. ಫಯಾಜ್ ಅದನ್ನೇ ನೋಡುತ್ತಿದ್ದು, "ಇದು ತಲೆ ಮೇಲಿತ್ತಾ?" ಎಂದು ಕೇಳಿದ. ಹ್ಯಾಂಡಲ್ಲಿನಲ್ಲಿತ್ತು ಎಂದೆ. ಅವನು ಹೆಲ್ಮೆಟ್ಟನ್ನು ಹ್ಯಾಂಡಲ್ಲಿಗೆ ತಗುಲಿಸಿ ತಿರುಗಿಸಿದ. ಅರ್ಧಕ್ಕೆ ಕಟಕ್ಕೆಂದು ನಿಂತಿತು. ಹೆಲ್ಮೆಟ್ಟು ಹ್ಯಾಂಡಲ್ಲಿಗೂ ಟ್ಯಾಂಕಿಗೂ ನಡುವೆ ಸಿಕ್ಕಿಕೊಂಡಿತ್ತು. ಟ್ಯಾಂಕಿನ ಮೇಲೆ, ಸರಿಯಾಗಿ ಅದೇ ಜಾಗದಲ್ಲಿ, ಬೆರಳುದ್ದ ಬಣ್ಣ ಎದ್ದುಹೋಗಿತ್ತು. ನನ್ನ ಬೈಕೂ ನೀಲಿಯೇ. ಇದನ್ನು ನಿಮಗೆ ಮೊದಲೇ ಹೇಳಬೇಕಿತ್ತು. ಏನು ಮಾಡಲಿ, ಆಗ ನನಗೂ ಅದು ನೆನಪಾಗಿರಲಿಲ್ಲ.

ನಾಚಿಕೆಯಾಯಿತು. ಆದರೆ ಮೊದಲು ಬಂದದ್ದು ನಾಚಿಕೆಯಲ್ಲ, ಈ ಫಯಾಜನಿಗೂ ಪಿಳ್ಳಪ್ಪನಿಗೂ ಪರಿಚಯವಿರಬಹುದೇ ಎಂಬ ಪ್ರಶ್ನೆ. ನಾಚಿಕೆ ಬರುವುದಕ್ಕೆ ಒಂದು ರಾತ್ರಿ ಹಿಡಿಯಿತು, ಠಾಣೆಯ ಮೆಟ್ಟಿಲು ಹತ್ತುವುದಕ್ಕೆ ನಾಲ್ಕು ದಿನ. "ಹೆಲ್ಮೆಟ್ಟು ಹ್ಯಾಂಡಲ್ಲಲ್ಲಿತ್ತು ಅಂತ್ಲೇ ಬರ್ಕೊಳ್ಲಾ ಸಾರ್?" ಎಂದು ಪೇದೆ ಕೇಳಿದ. ಅವನ ಮಗಳು ನನ್ನ ಶಾಲೆಯಲ್ಲೇ ಓದುತ್ತಿದ್ದಳು. ಬರ್ಕೊಳ್ಳಿ ಎಂದೆ.

ಅಲ್ಲಿಂದ ಪಿಳ್ಳಪ್ಪನ ಮನೆಗೆ ಹೋದೆ. ಗಾಡಿಯನ್ನು ಮೂರು ವಾರಕ್ಕೇ ಬಿಟ್ಟಿದ್ದರು, ಆದರೆ ಅಷ್ಟರಲ್ಲಿ ತೋಟದವರು ಬೇರೆ ಗಾಡಿ ಗೊತ್ತುಮಾಡಿಕೊಂಡಿದ್ದರು. ಅವನು ಖಾಲಿ ಗಾಡಿ ತೊಳೆಯುತ್ತಿದ್ದ. ನಾನು ತಪ್ಪಾಯಿತು ಎಂದದ್ದನ್ನು ಪೂರ್ತಿ ಕೇಳಿಸಿಕೊಂಡ.

"ಆಯ್ತು ಬಿಡಿ ಸಾ. ಆವತ್ತು ನನ್ ಮುಂದ್ಗಡೆನೇ ಎರಡ್ ಕಾರು ನಿಮ್ಮನ್ನ ನೋಡ್ಕೊಂಡೇ ಹೋದ್ವು. ನಾನೂ ಹೋಗ್ತಿದ್ದೆ. ನಿಮ್ ಕಾಲು ಅಲ್ಲಾಡ್ತು, ನಿಲ್ಲಿಸ್ಬಿಟ್ಟೆ. ಮೇಷ್ಟ್ರು ನೀವು, ನೀವೇ ಹೇಳಿ. ಇನ್ನೊಂದ್ ಸತಿ ಯಾರಾನ ಬಿದ್ದಿದ್ರೆ ನಿಲ್ಲಿಸ್ಲಾ, ಬೇಡ್ವಾ?"

ನಾನು ಹೆಲ್ಮೆಟ್ಟನ್ನು ತಲೆಗೇ ಹಾಕಿ, ಪಟ್ಟಿ ಬಿಗಿದುಕೊಂಡು ಬೈಕು ಹತ್ತಿದೆ.

ಇವತ್ತು ಬೆಳಗ್ಗೆ, ಅದೇ ತಿರುವಿನಲ್ಲಿ, ಚೈನು ಕಳಚಿತು. ಇಳಿದು ಹಾಕಲು ಕೂತೆ. ಜಲ್ಲಿಯ ಮೇಲೆ ಸ್ಟ್ಯಾಂಡು ಜಾರಿ ಬೈಕು ಕಾಲ ಮೇಲೆ ಬಿತ್ತು. ಎಡಹೆಗಲಿಗೆ ಮೊದಲಿನ ಬಲವಿಲ್ಲ, ಎತ್ತಲಾಗಲಿಲ್ಲ. ಕಾರುಗಳು ಹೋದವು. ಹಿಂದೆ ಒಂದು ಹಾರನ್ನು ಕೇಳಿಸಿತು. ಹೆಲ್ಮೆಟ್ಟಿನೊಳಗೂ ಚೆನ್ನಾಗಿಯೇ ಕೇಳಿಸುತ್ತದೆ. ಮತ್ತೆ ಗುಲಾಬಿ ಮೂಟೆ ಹೊರತೊಡಗಿದ್ದ ನೀಲಿ ಗಾಡಿ ನನ್ನನ್ನು ದಾಟಿ ಹೋಗಿ, ಆಮೇಲೆ ನಿಂತಿತು.

ಪಿಳ್ಳಪ್ಪ ಇಳಿದು ಬಂದ. ಹತ್ತಿರ ಬರಲಿಲ್ಲ. ಹತ್ತು ಹೆಜ್ಜೆ ದೂರದಲ್ಲಿ ನಿಂತು ಜೇಬಿನಿಂದ ಫೋನು ತೆಗೆದು ನನ್ನ ಕಡೆ ಹಿಡಿದ.

"ಸಾ, ಹೆಲ್ಮೆಟ್ ತೆಗೀರಿ. ಮುಖ ಕಾಣ್ಬೇಕು."

ತೆಗೆದೆ.

"ಹೆಸ್ರು ಹೇಳಿ. ನಾನ್ ಗುದ್ದಿಲ್ಲ, ನೀವೇ ಬಿದ್ರಿ ಅಂತ ಹೇಳಿ."

ಮಗ್ಗಿ ಒಪ್ಪಿಸುವ ಮಕ್ಕಳ ಹಾಗೆ, ಬೈಕಿನ ಕೆಳಗೆ ಬಿದ್ದುಕೊಂಡೇ ಹೇಳಿದೆ.

"ಲಾರಿ ಸದ್ದಿಗೆ ಕೇಳ್ಸಿಲ್ಲ. ಇನ್ನೊಂದ್ ಸತಿ, ಜೋರಾಗ್ ಹೇಳಿ."

ಮತ್ತೆ ಹೇಳಿದೆ. ಆಮೇಲೆ ಫೋನನ್ನು ಜೇಬಿಗಿಟ್ಟು, ಬಂದು, ಒಂದೇ ಏಟಿಗೆ ಬೈಕು ಎತ್ತಿ ಮರಕ್ಕೆ ಒರಗಿಸಿದ. ಕಾಲು ಮುಟ್ಟಿ ನೋಡಿ, ಮೂಳೆ ಮುರಿದಿಲ್ಲ ಎಂದ. ನನ್ನ ಹೆಲ್ಮೆಟ್ಟನ್ನು ಗುಲಾಬಿ ಮೂಟೆಗಳ ಮೇಲಿಟ್ಟು, ಶಾಲೆಯ ಗೇಟಿನವರೆಗೆ ಬಿಟ್ಟುಹೋದ.

ಈಗ ತಾನೆ ಎಲ್ಲವನ್ನೂ ಹೆಂಡತಿಗೆ ಹೇಳಿದೆ. ಅವಳು ಹೆಲ್ಮೆಟ್ಟಿನ ಕಡೆ ನೋಡಿ, "ಅಯ್ಯೋ, ಅಂಥ ಮನ್ಷನ್ನ ಹಿಂಗ್ ಮಾಡ್ಬಿಟ್ರಲ್ರೀ" ಎಂದಳು. ಹೌದು. ರೋಗ ನನ್ನದು, ಅಂಟಿದ್ದು ಅವನಿಗೆ.

ಆ ವಿಡಿಯೋ ಅವನ ಫೋನಿನಲ್ಲಿದೆ. ಗೇಟಿನ ಹತ್ತಿರ ಇಳಿಯುವಾಗ, ಅದನ್ನು ಅಳಿಸಿಬಿಡಪ್ಪ ಎಂದು ಕೇಳಬೇಕೆನ್ನಿಸಿತು. ಕೇಳಲಿಲ್ಲ. ಇಟ್ಟುಕೊಂಡಿರಲಿ.