ಹಗೇವಿನ ಮಲ್ಲಪ್ಪನ ಅರಮನೆ

ಮಲ್ಲಪ್ಪ ಕಾಕಾನನ್ನು ನಾನು ಮೊದಲು ನೋಡಲಿಲ್ಲ, ಕೇಳಿದೆ. ಅದೂ ನನ್ನ ಕಾಲ ಕೆಳಗಿನಿಂದ. ಮುದಗಲ್ಲಿನ ಶಾಲೆಗೆ ಮಾಸ್ತರನಾಗಿ ಬಂದ ಹೊಸದರಲ್ಲಿ ಬಾಡಿಗೆ ಕೋಣೆ ಹುಡುಕುತ್ತ ಒಂದು ಅಂಗಳದಲ್ಲಿ ನಿಂತಿದ್ದೆ. ಕೈಯಲ್ಲಿ ಟ್ರಂಕು, ಸುತ್ತ ಒಂದು ನರಪಿಳ್ಳೆಯೂ ಇಲ್ಲ.

"ಯಾರ್ರೀ ಅದು, ನನ್ನ ತಲಿ ಮ್ಯಾಲ ನಿಂತಾವ್ರು? ಒಂದೀಟು ಆಚಿ ಸರೀರಿ, ಮಣ್ಣು ಉದುರಾಕತ್ತೈತಿ" ಎಂದು ನೆಲ ಮಾತಾಡಿತು. ಟ್ರಂಕು ಕೈಬಿಟ್ಟೆ. ಸ್ವಲ್ಪ ಹೊತ್ತಿಗೆ ಎರಡು ಮಾರು ಆಚೆ, ನೆಲದಲ್ಲಿದ್ದ ಒಂದು ಕಿಂಡಿಯಿಂದ ಮಣ್ಣು ಮೆತ್ತಿದ ತಲೆ, ಆಮೇಲೆ ಒಂದೊಂದೇ ಹೆಗಲು ಹೊರಗೆ ಬಂದವು. ಮೇಲೆ ಬಂದ ಮನುಷ್ಯ ಮೈ ಜಾಡಿಸಿಕೊಂಡು, ಖಾಲಿ ಇದ್ದ ಕೋಣೆಯ ಕಡೆಗೆ ಕೈ ತೋರಿಸಿ, ಒಂದೂ ಮಾತಾಡದೆ ನಿಂತ. ಕೆಳಗಿದ್ದಾಗ ಅಷ್ಟು ಮಾತಾಡಿದವನು ಇವನೇನಾ ಎಂದು ಅನುಮಾನ ಬಂತು.

ಹಗೇವು ತೋಡುವುದು ಅವನ ಕಸುಬು. ಜೋಳ ತುಂಬಿಡಲು ನೆಲದೊಳಗೆ ತೆಗೆಯುವ ಗುಂಡಿ ಅದು. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಮುಚ್ಚಿಟ್ಟ ಹಗೇವಿನಲ್ಲಿ ಗಾಳಿ ಕೆಡುತ್ತದೆ. ಹಾಗಾಗಿ ಮೊದಲು ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡಬೇಕು. ದೀಪ ಆರದಿದ್ದರೆ ಮನುಷ್ಯ ಇಳಿಯಬಹುದು. ಇಳಿದವನು ಮಾತು ನಿಲ್ಲಿಸಬಾರದು. ಮಾತು ನಿಂತಿತೆಂದರೆ ಮೇಲಿದ್ದವರು ಸೊಂಟದ ಹಗ್ಗ ಹಿಡಿದು ಎಳೆಯಬೇಕು. ಮೂವತ್ತು ವರ್ಷ ಹೀಗೆ ಬದುಕಿದ ಕಾಕಾನಿಗೆ, ಮಾತೆಂದರೆ ನೆಲದೊಳಗೆ ಮಾಡುವ ಕೆಲಸ ಎಂದಾಗಿಬಿಟ್ಟಿತ್ತು. ಮೇಲೆ ಬಂದರೆ ಬಾಯಿಗೆ ಬೀಗ.

ಅವನ ಹಗ್ಗ ಹಿಡಿಯುತ್ತಿದ್ದವಳು ಹೆಂಡತಿ ನಾಗಮ್ಮ. ಮಕ್ಕಳಿರಲಿಲ್ಲ. ನಾನು ಬರುವ ಹಿಂದಿನ ವರ್ಷ ಅವಳು ಜ್ವರದಲ್ಲಿ ತೀರಿಕೊಂಡಿದ್ದಳು. ಪರರ ಹಗೇವಾದರೆ ಆ ಮನೆಯವರು ಹಗ್ಗ ಹಿಡಿಯುತ್ತಿದ್ದರು. ತನ್ನ ಅಂಗಳದ ಹಗೇವಿಗೆ ಮಾತ್ರ ಕಾಕಾ ಹಗ್ಗವಿಲ್ಲದೆ, ಯಾರೂ ಕೇಳದಿದ್ದರೂ ಮಾತಾಡುತ್ತಲೇ ಇಳಿಯುತ್ತಿದ್ದ. ನೋಡಲಾರದೆ ಹಗ್ಗ ನಾನು ಹಿಡಿದೆ. ನಿಜಾಮರ ಕಾಲದ ಶುಕ್ರವಾರದ ರಜೆ ಹೋಗಿ ಭಾನುವಾರದ ರಜೆ ಬಂದಿತ್ತು. ಆ ರಜೆಗಳೆಲ್ಲ ಹಗೇವಿನ ಬಾಯಲ್ಲೇ ಕಳೆದವು. ನಿಜವಾಗಿ ಎಳೆಯುವ ಪ್ರಸಂಗ ಬಂದಿದ್ದರೆ ನನ್ನ ಕಡ್ಡಿ ಮೈ ಅವನ ಮೇಲೆಯೇ ಹೋಗಿ ಬೀಳುತ್ತಿತ್ತು.

ಮೊದಲ ಭಾನುವಾರವೇ ಕೇಳಿದೆ, "ಕಾಕಾ, ಜೋಳ ಇಲ್ಲ, ಗೀಳ ಇಲ್ಲ. ಒಳಗ ಏನ್ ಮಾಡ್ತಿ?"

"ಅರಮನಿ ಐತ್ರಿ ಮಾಸ್ತರ್ರ" ಎಂದಿತು ದನಿ.

ಹಗೇವನ್ನು ಆಳ ಮಾಡುವಾಗ ಒಂದು ಮಗ್ಗಲು ಕುಸಿದು, ಅದರಾಚೆ ಮೆಟ್ಟಿಲು ಕಂಡಿದ್ದವಂತೆ. ಅಂದಿನಿಂದ ಸಿಕ್ಕ ಬಿಡುವಿನಲ್ಲೆಲ್ಲ ಮಣ್ಣು ಬಗೆಯುತ್ತ ಹೋಗಿದ್ದ. ಹೆಂಡತಿಗೂ ಇಳಿದು ನೋಡಲಾಗಿರಲಿಲ್ಲ. ಅವಳೂ ಹಗ್ಗ ಹಿಡಿದು ಕೇಳಿದವಳೇ. "ಹನ್ನೊಂದು ಮೆಟ್ಟಲಾ ಅದಾವ್ರಿ. ಇಳಿದ್ರ ಗಚ್ಚಿನ ನೆಲ, ಅಂಗೈ ಇಟ್ರ ಜಾರತೈತಿ. ಎರಡು ಕಮಾನು ನಿಂತಾವು, ಒಂದು ಮುರಿದು ಬಿದ್ದೈತಿ. ಗ್ವಾಡ್ಯಾಗ ದೀಪದ ಗೂಡು ಅದಾವು. ಗೂಡಿನ್ಯಾಗ ಇನ್ನಾ ಮಸಿ ಐತ್ರಿ ಮಾಸ್ತರ್ರ! ಯಾವ ಅರಸನ ಕಾಲಕ್ಕ ಯಾವಾಕಿ ಹಚ್ಚಿದ ದೀಪನೋ, ಬೆರಳಿಗೆ ಹತ್ತತೈತಿ ನೋಡ್ರಿ." ಆಮೇಲೆ, "ಇಷ್ಟು ದೊಡ್ಡ ಮನ್ಯಾಗ ನಾ ಒಬ್ಬನ ಅದೀನಿ" ಎಂದ.

ಮೇಲೆ ಬಂದಾಗ ಬೆರಳು ಕಪ್ಪಾಗಿರುತ್ತಿತ್ತು. ಕಂದೀಲಿನ ಮಸಿಯೂ ಕಪ್ಪೇ ಅಲ್ಲವೇ ಎಂದುಕೊಳ್ಳುತ್ತಿದ್ದೆ. ನಿಜ ಹೇಳಬೇಕೆಂದರೆ ನಾನು ನಂಬಿರಲಿಲ್ಲ. ಒಂಟಿ ಮನುಷ್ಯ, ಕೆಳಗಿಳಿದರೆ ಮಾತಾಡಲೇಬೇಕು, ಮಾತಿಗೊಂದು ವಿಷಯ ಬೇಕಲ್ಲ, ಅರಮನೆ ಕಟ್ಟಿಕೊಂಡಿದ್ದಾನೆ ಎಂದು ನನ್ನ ಲೆಕ್ಕಾಚಾರ. "ನಿಮ್ಮ ಹೆಗಲು ಸಣ್ಣವು, ಸಲೀಸ ಇಳೀತೀರಿ, ಒಮ್ಮೆ ಬರ್ರಿ" ಎಂದು ಅವನು ಕರೆಯುತ್ತಲೇ ಇದ್ದ. ಮುಂದಿನ ವಾರ, ಮುಂದಿನ ವಾರ ಎನ್ನುತ್ತ ಎರಡು ವರ್ಷ ತಳ್ಳಿದೆ. ಆ ಕಿಂಡಿ ಕಂಡರೇ ನನಗೆ ಉಸಿರು ಕಟ್ಟುತ್ತಿತ್ತು.

ಓಣಿಯವರಂತೂ "ಏನಪಾ ಮಹಾರಾಜ, ಅರಮನ್ಯಾಗ ನಿದ್ದಿ ಆತೇನು?" ಎಂದು ಕಾಡುತ್ತಿದ್ದರು. ಕಾಕಾ ನಕ್ಕು ಸುಮ್ಮನಾಗುತ್ತಿದ್ದ. ಆದರೆ ಒಂದು ಭಾನುವಾರ ಕೆಳಗಿನಿಂದ ಅವನ ದನಿ ಬೇರೆಯಾಗಿತ್ತು. "ಮಾಸ್ತರ್ರ, ನೋಡಿದಾವ ನಾ ಒಬ್ಬನ. ನಾ ಸತ್ರ ಅರಮನೀನೂ ಸತ್ತಂಗ. ಸರಕಾರಕ್ಕ ಒಂದು ಅರ್ಜಿ ಬರದು ಕೊಡ್ರಿ. ಯಾರರ ಒಬ್ರು ಬಂದು ನೋಡ್ಲಿ."

ಬರೆದೆ. ನನ್ನ ಅಕ್ಷರ ದುಂಡಗೆ, ಬುದ್ಧಿ ಅಷ್ಟು ದುಂಡಗಲ್ಲ. 'ಮಲ್ಲಪ್ಪನ ಹಗೇವಿನಲ್ಲಿ ಬಹುಕಾಲದಿಂದ ಅಡಗಿರುವ ಸಂಪತ್ತನ್ನು ದಯಮಾಡಿ ಪರಿಶೀಲಿಸಬೇಕು' ಎಂದು ಬರೆದಿದ್ದೆ. ಸರ್ಕಾರ ರೈತರಿಂದ ಲೆವಿ ಜೋಳ ವಸೂಲಿ ಮಾಡುತ್ತಿದ್ದ ಕಾಲ ಅದು. ಹಗೇವು ಎಂದರೆ ಬಚ್ಚಿಟ್ಟ ಜೋಳ ಎಂದೇ ಅರ್ಥ. ಅರ್ಜಿ ಯಾವ ಮೇಜಿನಿಂದ ಯಾವ ಮೇಜಿಗೆ ಹೋಯಿತೋ, ಒಂದು ಬೆಳಿಗ್ಗೆ ಬಂದಿಳಿದವರು ಲೆವಿ ಸಾಹೇಬರು.

"ಎಷ್ಟು ಚೀಲ ಐತಿ?" ಎಂದರು.

"ಜೋಳ ಇಲ್ರಿ ಸಾಹೇಬ್ರ, ಅರಮನಿ ಐತ್ರಿ" ಎಂದ ಕಾಕಾ.

ಓಣಿಯೆಲ್ಲ ಸೇರಿತ್ತು. ಸಾಹೇಬರ ಹೊಟ್ಟೆ ಹಗೇವಿನ ಬಾಯಿಗಿಂತ ದೊಡ್ಡದು. ಜೊತೆಗಿದ್ದ ಜವಾನ ಹಾವಿನ ಹೆಸರೆತ್ತಿ ಹಿಂದೆ ಸರಿದ. "ಚಶ್ಮದೀದ್ ಗವಾ ಯಾರರ ಅದಾರೇನು? ಕಣ್ಣಾರೆ ನೋಡಿದಾವ್ರು?" ಎಂದು ಸಾಹೇಬರು ಕೇಳಿದರು.

ಕಾಕಾ ನನ್ನ ಕಡೆ ತಿರುಗಿದ. "ಮಾಸ್ತರ್ರಿಗೆ ಎಲ್ಲಾ ಗೊತ್ತೈತ್ರಿ. ಬೇಕಾದ್ರ ಈಗ ಇಳಿದು ನೋಡ್ತಾರ" ಎಂದ. ಅವನು ನೆಲದ ಮೇಲೆ ನಿಂತು ಅಷ್ಟು ಮಾತಾಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

"ನೀವು ಓದಿದಾವ್ರು. ನೋಡೀರೇನು?"

"ಇಲ್ರಿ" ಎಂದೆ. "ಕೇಳೀನಿ."

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಸಾಹೇಬರೂ ನಕ್ಕರು, ಸಿಟ್ಟಾಗದೆ ನಕ್ಕದ್ದೇ ಪುಣ್ಯ. ದನಕರು ಬಿದ್ದು ಸತ್ತಾವು, ಗುಂಡಿ ಮುಚ್ಚಿಬಿಡಿ ಎಂದು ಅಪ್ಪಣೆ ಕೊಟ್ಟು, ಮುಚ್ಚುವವರೆಗೆ ಕಟ್ಟೆಯ ಮೇಲೆ ಕುಳಿತು ಚಹಾ ಕುಡಿದರು.

ಇಬ್ಬರು ಆಳುಗಳು ಮೊದಲ ದುಂಡುಗಲ್ಲನ್ನು ಉರುಳಿಸಿದರು. ಬರೀ ಹಗೇವಾಗಿದ್ದರೆ ಅದು ಒಮ್ಮೆ ಧಪ್ಪೆಂದು ತಳಕ್ಕೆ ಬೀಳಬೇಕಿತ್ತು. ಅದು ಬಿತ್ತು, ಮತ್ತೆ ಬಿತ್ತು, ಮತ್ತೂ ಕೆಳಗೆ ಬಿತ್ತು. ಮೆಟ್ಟಿಲಿಂದ ಮೆಟ್ಟಿಲಿಗೆ ಹಾರುತ್ತ ಹೋಗಿ, ಎಲ್ಲೋ ದೂರದಲ್ಲಿ ಗಟ್ಟಿ ನೆಲದ ಮೇಲೆ ಉರುಳಿ ನಿಂತಿತು. ನಗುವ ಗದ್ದಲದಲ್ಲಿ ಬೇರೆ ಯಾರಿಗೂ ಅದು ಕೇಳಿಸಲಿಲ್ಲ. ಕಾಕಾ ತಲೆಯೆತ್ತಿ ನನ್ನನ್ನು ನೋಡಿದ. ನಾನು ಸಾಹೇಬರನ್ನು ನೋಡಿದೆ, ನನ್ನ ಚಪ್ಪಲಿ ನೋಡಿಕೊಂಡೆ. ಆಳುಗಳು ಎರಡನೆಯ ಕಲ್ಲು ಎತ್ತಿದರು.

ಆಮೇಲೆ ಆ ಮನೆಯಲ್ಲಿ ಕಾಕಾನ ದನಿ ನಾನು ಕೇಳಲಿಲ್ಲ. ನನ್ನ ಮೇಲೆ ಸಿಟ್ಟೇನೂ ತೋರಿಸಲಿಲ್ಲ. ಸಂಜೆ ರೊಟ್ಟಿ ಸುಟ್ಟರೆ ನನ್ನ ಪಾಲಿನದು ಮುಚ್ಚಿಡುತ್ತಿದ್ದ. ಭಾನುವಾರ ಇಬ್ಬರೂ ಅಂಗಳದ ಎರಡು ತುದಿಯಲ್ಲಿ ಕೂತಿರುತ್ತಿದ್ದೆವು. ಅಂಥ ಒಂಟಿತನವನ್ನು ನಾನು ಆಮೇಲೆ ಎಲ್ಲಿಯೂ ಅನುಭವಿಸಿಲ್ಲ. ಒಂದು ದಿನ ಶಾಲೆಯಿಂದ ಬಂದಾಗ ಗುದ್ದಲಿಯೂ ಇರಲಿಲ್ಲ, ಕಾಕಾನೂ ಇರಲಿಲ್ಲ. ಸಿಂಧನೂರಿನ ಕಡೆ ತುಂಗಭದ್ರೆಯ ಕಾಲುವೆ ತೋಡಲು ಹೋದನೆಂದು ಪಕ್ಕದ ಮನೆಯವರು ಹೇಳಿದರು.

ವರ್ಷ ಕಳೆದು ಅಲ್ಲಿಗೆ ಹೋಗಿ ಹುಡುಕಿದೆ. ನೂರಾರು ಜನ ಬಿಸಿಲಲ್ಲಿ ಅಗೆಯುತ್ತಿದ್ದರು. ಕಾಕಾ ಸೊರಗಿದ್ದ. ದಂಡೆಯ ಮೇಲೆ ಬಂದು ಪಕ್ಕದಲ್ಲಿ ಕುಳಿತ. ಬುಟ್ಟಿ ಕೆಳಗಿಟ್ಟು ಕೇಳಿದ:

"ಕಲ್ಲು ಇಳಿದದ್ದು ನಿಮಗ ಕೇಳಿಸಿತ್ತು, ಹೌದಿಲ್ರಿ?"

"ಹೌದು ಕಾಕಾ. ಕೇಳಿಸಿತ್ತು."

"ಹಂಗಾದ್ರ ಯಾಕ ಸುಮ್ಮನಿದ್ರಿ?"

"ಅಂಜಿದೆ" ಎಂದೆ. "ಐತಿ ಅಂದ್ರ ಇಳಿ ಅಂತಿದ್ರು."

ಅವನು ತಲೆಯಾಡಿಸಿದ. "ಆತು ಬಿಡ್ರಿ" ಎಂದು ಎದ್ದು, ಬುಟ್ಟಿ ತೆಗೆದುಕೊಂಡು ಕಾಲುವೆಗೆ ಇಳಿದು ಹೋದ. ಅದೇ ಕೊನೆ. ಅವನು ಎಲ್ಲಿ ಸತ್ತ, ಯಾರು ಮಣ್ಣು ಮಾಡಿದರು ಎಂಬುದು ಎಷ್ಟು ವಿಚಾರಿಸಿದರೂ ತಿಳಿಯಲಿಲ್ಲ.

ನನಗೆ ಮಸ್ಕಿಗೆ ವರ್ಗವಾಯಿತು. ಯಾರಾದರೂ ಮುದಗಲ್ಲಿನ ಮಾತು ತೆಗೆದರೆ, ಅಲ್ಲಿನ ಒಂದು ಓಣಿಯ ಕೆಳಗೆ ಅರಮನೆಯಿದೆ ಎನ್ನುತ್ತೇನೆ. ಹನ್ನೊಂದು ಮೆಟ್ಟಿಲು, ಎರಡು ಕಮಾನು, ಗೂಡಿನಲ್ಲಿ ಮಸಿ. ನಾನೇ ಇಳಿದು ಕಣ್ಣಾರೆ ನೋಡಿದ್ದೇನೆ ಎನ್ನುತ್ತೇನೆ. ಮಾಸ್ತರರು ಸುಳ್ಳು ಹೇಳುವುದಿಲ್ಲವಲ್ಲ, ಎಲ್ಲರೂ ನಂಬುತ್ತಾರೆ.