ಆಂಟಿ ಕೆರೆಯದೆ ಬಿಟ್ಟ ಸ್ವರ

ಬೀರುವಿನ ಕೆಳಗಿನ ಖಾನೆಯಲ್ಲಿ ಹಳೇ ಶಾಲು ಹುಡುಕುತ್ತಿದ್ದೆ. ಹಿತ್ತಾಳೆ ಮತ್ತು ಲವಂಗದ ವಾಸನೆ ಒಟ್ಟಿಗೆ ಮೂಗಿಗೆ ಬಡಿಯಿತು. ಪಕ್ಕದ್ಮನೆ ಆಂಟಿಯ ಮೌತ್ ಆರ್ಗನ್ನಿನ ಡಬ್ಬಿ... ಅಲ್ಲಿಟ್ಟಿದ್ದನ್ನೇ ಮರೆತಿದ್ದೆ.

ಹಲಸೂರಿನಲ್ಲಿ ನಮ್ಮ ಮನೆಗೂ ಅವರ ಮನೆಗೂ ಒಂದೇ ಗೋಡೆ. ಅಂಕಲ್ ತೀರಿಹೋದ ಮೇಲೆ ಆಂಟಿ ಒಬ್ಬರೇ ಇದ್ದರು. ಅಂಕಲ್ ನುಡಿಸುತ್ತಿದ್ದದ್ದು ಸಾಮಾನ್ಯ ಮೌತ್ ಆರ್ಗನ್ ಅಲ್ಲ, ಕ್ರೊಮ್ಯಾಟಿಕ್. ಪಕ್ಕದ ಬಟನ್ ಒತ್ತಿದರೆ ಒಳಗೊಂದು ಸ್ಲೈಡ್ ಸರಿದು ಅರ್ಧ ಸ್ವರ ಏರುತ್ತದೆ. ಆಂಟಿಗೆ ಒಂದು ಟ್ಯೂನೂ ಬಾರದು. ಆದರೂ ಭಾನುವಾರ ಊಟವಾದ ಮೇಲೆ ಅದನ್ನು ಬಿಚ್ಚಿ, ಸ್ಲೈಡನ್ನು ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ಒರೆಸಿ, ಗೋಡೆ ತಟ್ಟುತ್ತಿದ್ದರು.

"ಬಾಮ್ಮಾ, ನಿನ್ನ ಕಾನ್ವೆಂಟ್ ಕಿವಿ ಸ್ವಲ್ಪ ಕೊಡು."

ನನಗೆ ಸಿಸ್ಟರ್ಸ್ ಪಿಯಾನೋ ಕಲಿಸಿದ್ದರಲ್ಲ... ಅವರು ಮೆಲ್ಲಗೆ ಊದುವುದು, ನಾನು ಶ್ರುತಿ ಹೇಳುವುದು. ಪ್ರತಿ ಸಲವೂ ಒಂದೇ ಸ್ವರ, ಮೇಲಿನ ಜಿ, ಫ್ಲ್ಯಾಟ್ ಆಗಿ, ಶ್ರುತಿಗಿಂತ ಕೊಂಚ ಇಳಿದಿರುತ್ತಿತ್ತು. ಆಂಟಿ ಅದರ ಹಿತ್ತಾಳೆ ರೀಡನ್ನು ಬ್ಲೇಡಿನಿಂದ ಎತ್ತಿ ಹಿಡಿದು, ತುದಿಯನ್ನು ಸೂಜಿಯಿಂದ ಕೆರೆಯುತ್ತಿದ್ದರು. ತುದಿ ಹಗುರಾದಂತೆ ಸ್ವರ ಏರುತ್ತದೆ. ನಾನು ಪರ್ಫೆಕ್ಟ್ ಎಂದ ಮೇಲೆ, ಲವಂಗ ಹಾಕಿದ ಡಬ್ಬಿಯಲ್ಲಿಟ್ಟು ಬೀಗ. ಮುಂದಿನ ಭಾನುವಾರ ಮತ್ತೆ ಫ್ಲ್ಯಾಟ್. ಒಮ್ಮೆ ಬೀಗ ತೆಗೆದಾಗಲೇ ಸ್ಲೈಡ್ ಒದ್ದೆಯಾಗಿಯೂ ಇತ್ತು. ಮಳೆಗಾಲದ ತೇವ ಎಂದುಕೊಂಡೆ.

ಕೊನೆಗೆ ಶಿವಾಜಿನಗರದಲ್ಲಿ ಹಾರ್ಮೋನಿಯಂ ರಿಪೇರಿ ಮಾಡುವವರೊಬ್ಬರಿಗೆ ತೋರಿಸಿದೆವು. ಅವರು ರೀಡನ್ನು ಬೆಳಕಿಗೆ ಹಿಡಿದು ನೋಡಿದರು.

"ಯಾರೋ ದಮ್ ಹಾಕಿ ಊದ್ತಾರಲ್ಲಮ್ಮಾ. ಸುಮ್ನೆ ಇಟ್ಟಿದ್ದು ಹೀಗೆ ಇಳಿಯಲ್ಲ. ಇನ್ನೂ ಕೆರೆದ್ರೆ ಮುರ್ದೋಗುತ್ತೆ, ನೋಡ್ಕೊಳ್ಳಿ."

ಆಟೋದಲ್ಲಿ ಆಂಟಿ ಡಬ್ಬಿಯನ್ನು ಎದೆಗೊತ್ತಿಕೊಂಡಿದ್ದರು. ಅವರ ಮುಖದಲ್ಲಿ ನಗು.

"ಇದ್ದಾಗ್ಲೂ ಹೇಳ್ತಿದ್ದೆ, ಮೆಲ್ಲಗೆ ಊದ್ರೀ, ಅಕ್ಕಪಕ್ಕದವ್ರು ಬೈತಾರೆ ಅಂತ. ಕೇಳಿದ್ರಾ ಮಹಾರಾಯ್ರು?" ಸ್ವಲ್ಪ ದೂರ ಹೋದ ಮೇಲೆ ದನಿ ಇಳಿಯಿತು. "ಮುರಿದ್ರೆ ಇನ್ನೇನು ನುಡಿಸ್ತಾರೆ ಹೇಳು? ನಾನಿನ್ನು ಕೆರೆಯಲ್ಲಮ್ಮಾ."

ಮತ್ತೆ ಸೂಜಿ ಮುಟ್ಟಲಿಲ್ಲ. ಒಂದು ಮಧ್ಯಾಹ್ನ ನನ್ನ ಅಡುಗೆಮನೆಯಲ್ಲಿ ಕಾಫಿ ಕುಡಿಯುತ್ತ ಕೂತಿದ್ದರು. ಅವರ ಮನೆಗೆ ಬೀಗ. ಕೀ ನಮ್ಮಿಬ್ಬರ ನಡುವೆ, ಟೇಬಲ್ಲಿನ ಮೇಲೆ. ಗೋಡೆಯ ಆಚೆಯಿಂದ ಆ ಸ್ವರ ಬಂತು... ಉದ್ದಕ್ಕೆ, ಫ್ಲ್ಯಾಟ್ ಆಗಿ. ನಾನು ಕೀ ಕಡೆ ನೋಡಿದೆ. ಆಂಟಿ ಗೋಡೆಯ ಕಡೆ ತಿರುಗಿ, "ಮೆಲ್ಲಗೆ ರೀ!" ಎಂದರು.

ಸ್ವರ ಮೆಲ್ಲಗಾಯಿತು.

ಆಂಟಿ ತೀರಿಕೊಂಡ ಮೇಲೆ, ಅವರೇ ಹೇಳಿಟ್ಟಿದ್ದಂತೆ, ಡಬ್ಬಿ ನನಗೆ ಬಂತು. ಆ ಮನೆ ಈಗ ಹುಡುಗಿಯರ ಪಿ.ಜಿ.

ಇವತ್ತು ಡಬ್ಬಿ ತೆಗೆದು ಬಟನ್ ಒತ್ತಿದೆ. ಸ್ಲೈಡ್ ಒಣಗಿ ಕಚ್ಚಿಕೊಂಡಿದೆ, ಅಲುಗಲಿಲ್ಲ. ಅಂಗೈಗಳ ನಡುವೆ ಬೆಚ್ಚಗೆ ಮಾಡಿಕೊಂಡು ಮೇಲಿನ ಜಿ ಊದಿದೆ. ಆಂಟಿ ಬಿಟ್ಟುಹೋದಾಗ ಎಷ್ಟು ಫ್ಲ್ಯಾಟ್ ಇತ್ತೋ ಅಷ್ಟೇ. ಕೂದಲೆಳೆಯಷ್ಟೂ ಇಳಿದಿಲ್ಲ. ಬೈಯುವವರೇ ಇಲ್ಲದ ಮೇಲೆ ಅಂಕಲ್ ಯಾರಿಗೆಂದು ಊದುತ್ತಾರೆ...

ಸ್ಲೈಡ್ ಬಿಚ್ಚಿ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಹಾಕಿದೆ. ಒರೆಸಿ ಮತ್ತೆ ಜೋಡಿಸಿ ಡಬ್ಬಿಯಲ್ಲಿಟ್ಟೆ. ನಾಚಿಕೆಯಾದರೂ, ಗೋಡೆಯ ಹತ್ತಿರ ನಿಂತು ಅಂದುಬಿಟ್ಟೆ: "ಜೋರಾಗೇ ಊದಿ ಅಂಕಲ್, ಪರವಾಗಿಲ್ಲ."

ಆಚೆಯಿಂದ ಯಾರದೋ ಮಿಕ್ಸಿಯ ಸದ್ದು ಬಂತು. ಆಮೇಲೆ ಅದೂ ನಿಂತಿತು.