ಪಾವಿನ ಮೇಲೆ ಬಿದ್ದ ಬಾಲಸಂಘ

ಮಕ್ಕಳನ್ನು ತಿದ್ದಬೇಕೆಂಬ ಆಸೆ ಮೇಷ್ಟರಾದವರಿಗೆಲ್ಲ ಒಂದು ವಯಸ್ಸಿನಲ್ಲಿ ಬರುತ್ತದೆ, ಮೊಡವೆ ಬಂದ ಹಾಗೆ. ನನಗೆ ಅದು ಸ್ವಲ್ಪ ತಡವಾಗಿ, ಇಪ್ಪತ್ತಾರಕ್ಕೆ ಬಂತು. ಆಗ ನಾನು ಎಡಪ್ಪಾಡಿಯ ನೇಕಾರರ ಬೀದಿಯ ಸಣ್ಣ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ. ಮೆಟ್ಟೂರಿನಲ್ಲಿ ಅಣೆಕಟ್ಟು ಏಳುತ್ತಿದ್ದ ವರ್ಷಗಳು ಅವು. ಎಲ್ಲರೂ ಏನನ್ನಾದರೂ ಕಟ್ಟುವ ಮಾತಾಡುತ್ತಿದ್ದರು. ನಾನು ಬಾಲಸಂಘ ಕಟ್ಟಿದೆ.

ಶಾಲೆ ಬಿಟ್ಟ ಮೇಲೆ ಒಂದೂವರೆ ಗಂಟೆ ನಡೆಯಬೇಕಾದ ಸಂಘ. ಅದಕ್ಕೆ ಹನ್ನೆರಡು ನಿಯಮ ಬರೆದು ಗೋಡೆಗೆ ಅಂಟಿಸಿದೆ. ಮೊದಲ ದಿನ ಮೂವತ್ತು ಮಕ್ಕಳು ಬಂದರು. ನಾನು ಸದಾಚಾರದ ಮೇಲೆ ಮುಕ್ಕಾಲು ಗಂಟೆ ಮಾತಾಡಿದೆ. ಎರಡನೆಯ ದಿನ ಹದಿನೆಂಟು, ವಾರದ ಕೊನೆಗೆ ಐದು. ಆ ಐವರಲ್ಲಿ ಇಬ್ಬರು ಅಣ್ಣತಮ್ಮಂದಿರು; ಅವರ ಮನೆಯ ಕೀಲಿ ಅವರ ಅಮ್ಮನ ಸೊಂಟದಲ್ಲಿತ್ತು, ಅಮ್ಮ ಸಂತೆಗೆ ಹೋಗಿದ್ದಳು.

ನಮ್ಮ ಹೆಡ್‌ಮಾಸ್ತರರು ಇಂಗ್ಲಿಷ್ ಓದಿಕೊಂಡವರು. "ಸ್ಕೂಲ್ ಅನ್ನೋ ಮಾತಿನ ಬೇರು ಗ್ರೀಕಿನದಂತೆ. ಅಲ್ಲಿ ಅದಕ್ಕೆ ಬಿಡುವು ಅಂತ ಅರ್ಥವಂತೆ ಕಣಯ್ಯ" ಎಂದರು. ಗ್ರೀಕರ ಬಿಡುವನ್ನು ನಾವು ಶಾಲೆ ಮಾಡಿದ್ದೂ ಸಾಲದೆ, ಶಾಲೆ ಮುಗಿದ ಮೇಲೆ ಸಿಗುವ ಬಿಡುವನ್ನೂ ಶಾಲೆ ಮಾಡಲು ಹೊರಟವನು ನಾನೊಬ್ಬನೇ ಇರಬೇಕು. ಅವಮಾನವಾಯಿತು. ಅಂದೇ ಭಾಷಣ ಕೈಬಿಟ್ಟು ಚಿಣ್ಣಿದಾಂಡು ಹಿಡಿದೆ. ಮಕ್ಕಳು ಮತ್ತೆ ಬಂದರು.

ಅವರ ಜೊತೆ ಕೆಂಪಿಯೂ ಬಂದಳು. ಕೆಂಪಿಗೆ ಹತ್ತು ವರ್ಷ. ತರಗತಿಯಲ್ಲಿ ಅವಳಷ್ಟು ಚೆನ್ನಾಗಿ ಲೆಕ್ಕ ಮಾಡುವವರು ಇರಲಿಲ್ಲ. ಶಾಲೆಯ ಪಾಠವೆಲ್ಲ ತಮಿಳು. ಆದರೆ ಆಟದಲ್ಲಿ ಜಗಳ ಬಂದರೆ ಅವಳ ಬಾಯಿಂದ ಹೊರಡುತ್ತಿದ್ದದ್ದು ಮನೆಯ ಕನ್ನಡ. ಅವಳ ಅಪ್ಪ ಮುದ್ದಣ್ಣ ಸೀರೆ ನೇಯುತ್ತಿದ್ದ. ಶಾಲೆ ಬಿಟ್ಟ ಕೂಡಲೇ ಅವಳು ಮನೆಗೆ ಹೋಗಿ ರಾಟೆಯ ಮುಂದೆ ಕೂತು, ಲಾಳಿಯೊಳಗಿಡುವ ನೂಲಿನ ಕಂಡಿಕೆಗಳನ್ನು ಸುತ್ತಬೇಕಿತ್ತು. ಕಂಡಿಕೆ ಇಲ್ಲದಿದ್ದರೆ ಮಗ್ಗ ನಿಲ್ಲುತ್ತದೆ. "ಈ ವರ್ಷಕ್ಕೆ ಓದು ಸಾಕು ವಾದ್ಯಾರೇ, ಮನೇಲಿ ಕೆಲ್ಸ ಐತೆ" ಎಂದು ಮುದ್ದಣ್ಣ ಒಮ್ಮೆ ನನಗೆ ಹೇಳಿಯೂ ಇದ್ದ. ಹಾಗಾಗಿ ಅವಳು ಆಟಕ್ಕೆ ಬರುತ್ತಿದ್ದದ್ದು ಕದ್ದು. ನನಗದು ಗೊತ್ತಿತ್ತು. ಗೊತ್ತಿಲ್ಲದವನಂತೆ ಇದ್ದೆ.

ಒಂದು ದಿನ ಬೆಳಿಗ್ಗೆ ಮಳೆ ಹನಿದು ನಿಂತಿತ್ತು. ಸಾಮಾನ್ಯವಾಗಿ ನಸುಕಿನಲ್ಲೇ ಬೀದಿಗೆ ಬರಬೇಕಾದ ಮುದ್ದಣ್ಣನ ಪಾವು ಅಂದು ಮಧ್ಯಾಹ್ನದ ಮೇಲೆ ಬಂತು. ಪಾವು ಎಂದರೆ ಸೀರೆಯ ಉದ್ದಕ್ಕೆ ಬರುವ ಹಾಸಿನ ನೂಲು. ಅದನ್ನು ಬೀದಿಯುದ್ದ ಗೂಟಗಳ ನಡುವೆ ಬಿಗಿದು, ಗಂಜಿ ಬಳಿದು, ಕುಂಚದಿಂದ ನೀವಿ ಒಣಗಿಸುತ್ತಾರೆ. ಅಂದಿನದು ಅರಿಶಿನ ಬಣ್ಣದ್ದು. ಮುದ್ದಣ್ಣ ಗಂಜಿ ಬಳಿದು, ಇನ್ನಷ್ಟು ತರಲು ಒಳಗೆ ಹೋಗಿದ್ದ.

ನಾವು ಬೀದಿಯ ಕೊನೆಯಲ್ಲಿ ಆಡುತ್ತಿದ್ದೆವು. ಕೆಂಪಿ ದಾಂಡಿನಿಂದ ಹೊಡೆದಳು. ಚಿಣ್ಣಿ ಆಕಾಶಕ್ಕೆ ಹೋಯಿತು. ನಾನು ಅದರ ಮೇಲೆ ಕಣ್ಣು ನೆಟ್ಟು, ಕೈ ಚಾಚಿಕೊಂಡು, ಹಿಂದಹಿಂದಕ್ಕೆ ಓಡಿದೆ. ಮಕ್ಕಳು ಕೂಗಿದರು. ನನ್ನ ಆಟ ಮೆಚ್ಚಿ ಕೂಗುತ್ತಿದ್ದಾರೆಂದು ಇನ್ನೂ ಜೋರಾಗಿ ಓಡಿದೆ.

ಬಿದ್ದೆ. ಪಂಚೆ, ರುಮಾಲು, ಮೇಷ್ಟರಗಿರಿ ಎಲ್ಲ ಸಮೇತ ಮುದ್ದಣ್ಣನ ಪಾವಿನ ಮೇಲೆ ಬಿದ್ದೆ. ಎಳೆಗಳು ಪಟಪಟನೆ ಹರಿದ ಸದ್ದು ಈಗಲೂ ನನ್ನ ಬೆನ್ನಿಗೆ ನೆನಪಿದೆ.

ಮುದ್ದಣ್ಣ ಗಂಜಿಯ ಮಡಕೆ ಹಿಡಿದು ಹೊರಗೆ ಬಂದ. ಮೊದಲು ಪಾವು ನೋಡಿದ. ಆಮೇಲೆ, ಮೈತುಂಬ ಗಂಜಿ ಮೆತ್ತಿಕೊಂಡು ನೂಲಿನ ನಡುವೆ ಕೂತಿದ್ದ ನನ್ನನ್ನು. ಕೊನೆಗೆ ಮಗಳನ್ನು. ನನ್ನನ್ನು ಬೈಯಲಾಗದ ಸಿಟ್ಟೆಲ್ಲ ಅವಳ ಕಡೆ ತಿರುಗಿತು.

"ಲೇ ಕೆಂಪಿ! ಕಂಡಿಕೆ ಸುತ್ತು ಅಂದ್ರೆ ಇಲ್ಲಿ ಆಟ ಆಡ್ತಿದ್ದೀಯಾ? ನಾಳೆಯಿಂದ ಇಸ್ಕೂಲೂ ಇಲ್ಲ, ಒಂದೂ ಇಲ್ಲ!"

"ಅವಳದೇನೂ ತಪ್ಪಿಲ್ಲ, ಬಿದ್ದವನು ನಾನು" ಎಂದೆ.

ಕೆಂಪಿ ಅಳಲಿಲ್ಲ. ದಾಂಡು ಕೆಳಗಿಟ್ಟಳು. "ಆಮೇಲೆ ನನ್ನ ಒಡಿ ಅಪ್ಪಾ. ಇಂಗೇ ಗಂಜಿ ಆರಿದ್ರೆ ಪಾವೇ ಓಯ್ತದೆ. ಈಗ ಎಳೆ ಕೂಡಿಸೋಣ" ಎಂದು ಹೇಳಿ, ಮಕ್ಕಳ ಕಡೆ ತಿರುಗಿ ತಮಿಳು ಬೆರೆಸಿ ಕೂಗಿದಳು. "ಲೇ, ಎಲ್ಲಾ ವಾಂಗ! ಆ ಕಡೆ ನಾಕು ಜನ, ಈ ಕಡೆ ನಾಕು ಜನ. ಶೀಕ್ರಂ!"

ಆಮೇಲೆ ನಡೆದದ್ದನ್ನು ನೋಡಿ ನಾನು ಬೆರಗಾದೆ. ಸದಾಚಾರದ ಮಾತಿಗೆ ಹತ್ತು ನಿಮಿಷ ಕೂರಲಾರದ ಮಕ್ಕಳು ಪಾವಿನ ಎರಡೂ ಬದಿ ಸಾಲಾಗಿ ನಿಂತು ಹರಿದ ಎಳೆಗಳ ತುದಿ ಹುಡುಕಿ ಗಂಟು ಹಾಕತೊಡಗಿದರು. ನೇಕಾರರ ಮಕ್ಕಳು; ಅವರ ಬೆರಳಿಗೆ ಅದು ಬರುತ್ತಿತ್ತು. ನಾನು ಪಾಪಿರೆಡ್ಡಿಪಟ್ಟಿ ಕಡೆಯ ಬೇಸಾಯದ ಮನೆಯವನು. ನನಗೆ ಬರುತ್ತಿದ್ದದ್ದು ಎಮ್ಮೆ ಕಟ್ಟುವ ಗಂಟು. ಅದನ್ನೇ ಹಾಕಿದೆ.

ಕೆಂಪಿ ಬಗ್ಗಿ ನೋಡಿದಳು. "ಅಯ್ಯೋ ಸಾರ್, ಈ ಗಂಟು ಅಣಿಗೆ ಅಲ್ಲೊಳಗೆ ನುಗ್ಗಲ್ಲ. ನೀವು ಬಿಡಿ, ಬರೀ ತುದಿ ಇಡ್ಕೊಳ್ಳಿ." ಮಗ್ಗದ ಹಣಿಗೆಯ ಹಲ್ಲುಗಳ ಸಂದಿ ಎಷ್ಟು ಸಣ್ಣದೆಂದು ನನಗೆ ಅಂದು ತಿಳಿಯಿತು. ನಾನು ತುದಿ ಹಿಡಿದುಕೊಂಡೆ.

ಕೈ ಕೆಲಸ ಮಾಡುತ್ತಿದ್ದಾಗ ಬಾಯಿ ಸುಮ್ಮನಿರಲಿಲ್ಲ. ಒಗಟುಗಳು ಹೊರಟವು. "ಅತ್ತ ಓಗ್ತಾನೆ, ಇತ್ತ ಬರ್ತಾನೆ, ಯಾವತ್ತೂ ಊರು ಸೇರಲ್ಲ. ಯಾರು ಸಾರ್?" ಎಂದು ಕೆಂಪಿ ಕೇಳಿದಳು. ನಾನು ಯೋಚಿಸಿ "ಅಂಚೆಯವನು" ಎಂದೆ. ಮಕ್ಕಳು ಬಿದ್ದು ಬಿದ್ದು ನಕ್ಕರು. "ಲಾಳಿ ಸಾರ್, ಲಾಳಿ!" ಎದುರುಗಡೆ ಎಳೆ ಕೂಡಿಸುತ್ತಿದ್ದ ಮುದ್ದಣ್ಣನ ಮೀಸೆ ಅಲುಗಿತು. ಅವನು ಮುಖ ಆಚೆ ತಿರುಗಿಸಿಕೊಂಡ. ಸ್ವಲ್ಪ ಹೊತ್ತಿನ ಮೇಲೆ ಅವನೂ ಒಂದು ಒಗಟು ಹೇಳಿದ. ಅದನ್ನೂ ನಾನು ಬಿಡಿಸಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಪಾವು ಉಳಿಯಿತು. ಅಲ್ಲಲ್ಲಿ ಗಂಟುಗಳಿದ್ದವು, ಆದರೆ ನೇಯಬಹುದಿತ್ತು. ನಾನು ಕೈಮುಗಿದು, "ಮುದ್ದಣ್ಣ, ನನ್ನ ತಪ್ಪಿಗೆ ಅವಳ ಓದು ನಿಲ್ಲಿಸಬೇಡಿ" ಎಂದೆ. ಅವನು ಗಂಜಿಯ ಕೈ ತೊಳೆದುಕೊಳ್ಳುತ್ತಾ, "ಇಷ್ಟು ಮಕ್ಕಳು ಸೇರಿದ್ರೆ ಕೆಲ್ಸ ಇಷ್ಟು ಬಿರ್‍ರನೆ ಆಗ್ತದೆ ಅಂತ ಗೊತ್ತಿರ್ಲಿಲ್ಲ ವಾದ್ಯಾರೇ" ಎಂದ. ಅಷ್ಟೇ ಹೇಳಿ ಒಳಗೆ ಹೋದ.

ಮಾರನೆಯ ಸಂಜೆ ಕೆಂಪಿ ರಾಟೆಯನ್ನು ಸೊಂಟಕ್ಕೆ ಆನಿಸಿಕೊಂಡು ಶಾಲೆಗೆ ಬಂದಳು. "ಅಪ್ಪನೇ ಏಳವ್ನೆ. ಇಲ್ಲೇ ಸುತ್ತಿ, ಆಮೇಲೆ ಆಡ್ಬೋದಂತೆ." ವಾರದೊಳಗೆ ಜಗಲಿಯ ಮೇಲೆ ಹನ್ನೊಂದು ರಾಟೆಗಳು ಗುಯ್‌ಗುಟ್ಟಿದವು. ಬೇಗ ಮುಗಿಸಿದವರು ನಿಧಾನದವರಿಗೆ ಸುತ್ತಿಕೊಟ್ಟರು, ಏಕೆಂದರೆ ಎಲ್ಲರದೂ ಮುಗಿಯುವ ತನಕ ಆಟ ಶುರುವಾಗುತ್ತಿರಲಿಲ್ಲ. ಇದನ್ನು ನಾನು ನಿಯಮ ಮಾಡಿರಲಿಲ್ಲ. ರಾಟೆ ತಿರುಗುವಾಗ ನಾನು ಕತೆ ಹೇಳುತ್ತಿದ್ದೆ. ಅವರು ಮನೆಯಿಂದ ತಂದ ಒಗಟುಗಳನ್ನು ಹಲಗೆಯ ಮೇಲೆ ಕನ್ನಡದಲ್ಲಿ ಬರೆಯುತ್ತಿದ್ದೆ. ಮನೆಯಲ್ಲಿ ಅಜ್ಜಿ ಆಡುವ ಮಾತಿಗೂ ಅಕ್ಷರವಿದೆ ಎಂದು ಕೆಂಪಿಗೆ ಬಹಳ ಸೋಜಿಗ. ಎರಡು ತಿಂಗಳಲ್ಲಿ ಅವಳೇ ಬರೆಯತೊಡಗಿದಳು. ಆ ವರ್ಷವೂ, ಅದರ ಮುಂದಿನ ಎರಡು ವರ್ಷವೂ ಅವಳು ಶಾಲೆ ಬಿಡಲಿಲ್ಲ.

ಪಾವಿನ ಮೇಲೆ ಬಿದ್ದ ಮರುವರ್ಷ ನನಗೆ ಚಳಿಜ್ವರ ಬಂದು ಎಂಟು ದಿನ ಹಾಸಿಗೆ ಹಿಡಿದೆ. ಮಲಗಿದಲ್ಲೇ ಕೊರಗಿದೆ: ನಾನಿಲ್ಲದೆ ಸಂಘ ಚದುರಿಹೋಯಿತಲ್ಲಾ, ಮಕ್ಕಳು ದಿನವೂ ಬಂದು ನನ್ನನ್ನು ಕಾಣದೆ ಹಿಂದಿರುಗುತ್ತಾರಲ್ಲಾ! ಒಂಬತ್ತನೆಯ ಸಂಜೆ ಕಂಬಳಿ ಹೊದ್ದು, ಮೆಲ್ಲಗೆ ನಡೆದು ಶಾಲೆಗೆ ಹೋದೆ. ರಾಟೆಗಳ ಸದ್ದು ಬೀದಿಗೇ ಕೇಳುತ್ತಿತ್ತು. ಜಗಲಿಯಲ್ಲಿ ಕೆಂಪಿ ಕತೆ ಹೇಳುತ್ತಿದ್ದಳು. ಹನ್ನೆರಡನೆಯ ರಾಟೆಯೊಂದು ಹೊಸದಾಗಿ ಸೇರಿತ್ತು, ಅದು ನನ್ನ ಕುರ್ಚಿಯ ಮೇಲಿತ್ತು. ನಾನು ಬಂದದ್ದನ್ನು ಯಾರೂ ಗಮನಿಸಲಿಲ್ಲ. ಕೆಮ್ಮಿದೆ.

ಕೆಂಪಿ ತಲೆ ಎತ್ತಿ, ತುಟಿಯ ಮೇಲೆ ಬೆರಳಿಟ್ಟು, "ಸಾರ್, ಕತೆ ನಡೀತಾ ಐತೆ. ಆ ಮೂಲೇಲಿ ಜಾಗ ಐತೆ, ಕೂತ್ಕೊಳ್ಳಿ" ಎಂದಳು.

ಒಂದು ಕ್ಷಣ ನನಗೆ ಸಣ್ಣದಾಗಿ ನೋವಾದದ್ದು ನಿಜ. ಆಮೇಲೆ ಕಂಬಳಿ ಎಳೆದುಕೊಂಡು ಮೂಲೆಯಲ್ಲಿ ಕೂತೆ. ಕತೆ ಚೆನ್ನಾಗಿತ್ತು.